ಬರಹವೋ, ದನಿಯೋ, ವಿಡಿಯೊವೋ: ಸುದ್ದಿಗೆ ತಕ್ಕ ಮಾಧ್ಯಮ ಆರಿಸಿಕೊಳ್ಳುವುದು ಹೇಗೆ?

ವಿದ್ಯಾರ್ಥಿಗಳು ಮಾಡಿ ತರುವ ವಿಡಿಯೊ ವರದಿಗಳಲ್ಲಿ ಒಂದು ತೊಂದರೆಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಒಬ್ಬರು ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಆಮೇಲೆ ಇನ್ನೊಬ್ಬರು ಕೂತು ಮಾತಾಡುತ್ತಾರೆ. ನಡುವೆ ಕಟ್ಟಡದ ಬೋರ್ಡು ಎರಡು ಸಲ ಬಂದು ಹೋಗುತ್ತದೆ. ಮಾತು ಚೆನ್ನಾಗಿರುತ್ತದೆ, ವಿಷಯವೂ ಗಟ್ಟಿ. ಆದರೆ ನೋಡೋಕೆ ಅಲ್ಲಿ ಏನೂ ಇಲ್ಲ. ಅದನ್ನೇ ಬರೆದಿದ್ದರೆ ಒಳ್ಳೆಯ ವರದಿಯಾಗುತ್ತಿತ್ತು. ಬರೀ ದನಿ ಇಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಕ್ಯಾಮೆರಾ ಹಿಡಿಯುವ ಮೊದಲೇ, ಮಾಧ್ಯಮ ಆರಿಸುವಾಗಲೇ ತಪ್ಪು ಆಗಿಹೋಗಿರುತ್ತದೆ.

ಈಗ ಪತ್ರಿಕೋದ್ಯಮ ಕಲಿಯುವವರಿಗೆ ಒಂದು ಫೋನ್ ಸಾಕು. ಅದರಲ್ಲೇ ಬರೆಯಬಹುದು, ದನಿ ಹಿಡಿಯಬಹುದು, ಫೋಟೊ ತೆಗೆಯಬಹುದು, ವಿಡಿಯೊ ಮಾಡಿ ಅಲ್ಲೇ ಎಡಿಟ್ ಕೂಡ ಮಾಡಬಹುದು. ಎಲ್ಲವೂ ಕೈಗೆ ಸಿಗುತ್ತೆ ಅಂದಾಗ, ಯಾವುದನ್ನು ಮಾಡಬೇಕು ಅನ್ನುವ ಪ್ರಶ್ನೆಯೇ ಹಿಂದೆ ಉಳಿಯುತ್ತದೆ. ಬೆರಳು ತಾನಾಗಿ ವಿಡಿಯೊ ಬಟನ್ ಮೇಲೆ ಹೋಗುತ್ತದೆ. ಆ ಬಟನ್ ಒತ್ತುವ ಮೊದಲು ಹತ್ತು ನಿಮಿಷ ಯೋಚಿಸಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ.

ಸಾಕ್ಷಿ ಎಲ್ಲಿದೆ?

ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಈ ಸುದ್ದಿ ನಿಜ ಅಂತ ತೋರಿಸುವ ಸಾಕ್ಷಿ ಎಲ್ಲಿದೆ? ಕಡತದಲ್ಲಿದೆಯಾ? ಒಬ್ಬರ ದನಿಯಲ್ಲಿದೆಯಾ? ಕಣ್ಣೆದುರು ನಡೆಯುತ್ತಿರುವ ಕೆಲಸದಲ್ಲಿದೆಯಾ? ಒಂದು ಕ್ಷಣ ಕಾಣಿಸಿ ಮರೆಯಾಗುವ ನೋಟದಲ್ಲಿದೆಯಾ? ಸಾವಿರಾರು ಸಾಲಿನ ಅಂಕಿಗಳಲ್ಲಿದೆಯಾ? ಸಾಕ್ಷಿ ಎಲ್ಲಿದೆಯೋ ಅಲ್ಲಿಗೆ ತಲುಪುವ ಮಾಧ್ಯಮವೇ ಆ ಸುದ್ದಿಗೆ ಸರಿ.

ಒಂದು ಹಳೆಯ ಸಾರ್ವಜನಿಕ ಗ್ರಂಥಾಲಯ ಮುಚ್ಚುತ್ತಿದೆ ಅಂದುಕೊಳ್ಳಿ. ಯಾಕೆ ಮುಚ್ಚುತ್ತಿದ್ದಾರೆ ಅನ್ನುವುದು ಬಜೆಟ್ ಕಾಗದದಲ್ಲಿ, ಸಭೆಯ ನಡಾವಳಿಯಲ್ಲಿ ಇರುತ್ತದೆ. ಅದು ಬರಹದ ಸುದ್ದಿ. ಮೂವತ್ತು ವರ್ಷ ಅಲ್ಲಿ ಕೆಲಸ ಮಾಡಿದ ಗ್ರಂಥಪಾಲಕಿ ಕೊನೆಯ ದಿನದ ಬಗ್ಗೆ ಹೇಳುವಾಗ ಮಾತು ನಡುವೆ ನಿಂತುಹೋಗುತ್ತದೆ. ಅದು ದನಿಯ ಸುದ್ದಿ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವುದು, ಹೊರುವುದು, ಲಾರಿಗೆ ಏರಿಸುವುದು ವಿಡಿಯೊ. ಖಾಲಿ ಕಪಾಟಿನ ಮುಂದೆ ಓದುತ್ತಾ ಕೂತ ಒಬ್ಬನೇ ಹುಡುಗ, ಅದು ಫೋಟೊ. ಹತ್ತು ವರ್ಷದಲ್ಲಿ ಓದುಗರು ನಿಜಕ್ಕೂ ಕಡಿಮೆಯಾದರಾ, ಇಲ್ಲ ತೆರೆದಿಡುವ ಸಮಯವನ್ನು ಕಡಿತ ಮಾಡಿದ್ದರಿಂದ ಬರುವವರು ಕಡಿಮೆಯಾದರಾ ಅನ್ನುವುದು ಅಂಕಿಗಳ ಸುದ್ದಿ. ಕಟ್ಟಡ ಒಂದೇ, ಸುದ್ದಿ ಐದು. ಐದನ್ನೂ ಒಂದೇ ವಿಡಿಯೊದಲ್ಲಿ ತುರುಕಲು ಹೋದಾಗ ಎಲ್ಲವೂ ಅರ್ಧಂಬರ್ಧ ಆಗುತ್ತವೆ.

ಹಿಂಡನ್‌ಬರ್ಗ್ ವಾಯುನೌಕೆಯ ದುರಂತವನ್ನು ನಾನು ಈ ಪಾಠಕ್ಕೆ ತುಂಬಾ ಬಳಸುತ್ತೇನೆ. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ಅದಕ್ಕೆ ಬೆಂಕಿ ಹತ್ತಿತು. ನೌಕೆಯಲ್ಲಿದ್ದವರು 97 ಮಂದಿ. ನೆಲದ ಮೇಲಿದ್ದ ಒಬ್ಬ ಸಿಬ್ಬಂದಿಯೂ ಸೇರಿ ಸತ್ತವರು 36. ಈ ಲೆಕ್ಕ, ಹೆಸರು, ಕಾರಣದ ಹುಡುಕಾಟ ಎಲ್ಲವೂ ಪತ್ರಿಕೆಗಳಿಂದ ಬಂತು. ನ್ಯೂಸ್‌ರೀಲ್, ಅಂದರೆ ಚಿತ್ರಮಂದಿರದಲ್ಲಿ ತೋರಿಸುವ ಸುದ್ದಿಚಿತ್ರದ, ಕ್ಯಾಮೆರಾಗಳು ನೌಕೆ ಉರಿದು ನೆಲಕ್ಕೆ ಬೀಳುವುದನ್ನು ತೋರಿಸಿದವು. ಷಿಕಾಗೋದ ರೇಡಿಯೊ ಕೇಂದ್ರದ ಹರ್ಬರ್ಟ್ ಮಾರಿಸನ್ ಅಲ್ಲೇ ನಿಂತು ಗ್ರಾಮೊಫೋನ್ ತಟ್ಟೆಯಂಥ ಡಿಸ್ಕಿನ ಮೇಲೆ ದನಿ ರೆಕಾರ್ಡ್ ಮಾಡುತ್ತಿದ್ದರು. ಅವರ ದನಿ ಒಡೆದುಹೋದದ್ದನ್ನು ಜನ ಮರುದಿನ ರೇಡಿಯೊದಲ್ಲಿ ಕೇಳಿದರು. ಇವತ್ತು ನಾವು ಚಿತ್ರವನ್ನೂ ಆ ದನಿಯನ್ನೂ ಒಟ್ಟಿಗೆ ನೋಡುತ್ತೇವಲ್ಲ, ಆ ಜೋಡಣೆ ಆಮೇಲಿನವರು ಮಾಡಿದ್ದು. ಅವತ್ತು ಅವು ಬೇರೆ ಬೇರೆ ವರದಿಗಳಾಗಿದ್ದವು. ಎಷ್ಟು ಜನ ಸತ್ತರು ಅಂತ ಚಿತ್ರ ಹೇಳಲಿಲ್ಲ. ನೋಡುತ್ತಾ ನಿಂತವರಿಗೆ ಏನಾಯಿತು ಅಂತ ಅಂಕಿ ಹೇಳಲಿಲ್ಲ.

ಬರಹ: ಕಾರಣ ಹೇಳಬೇಕಾದಾಗ

ಯಾಕೆ, ಹೇಗೆ, ಯಾರು ನಿರ್ಧರಿಸಿದರು, ಮುಂದೇನು. ಈ ಪ್ರಶ್ನೆಗಳಿಗೆ ಬರಹದಷ್ಟು ಚೆನ್ನಾಗಿ ಉತ್ತರಿಸುವ ಮಾಧ್ಯಮ ಇನ್ನೊಂದಿಲ್ಲ. ಮುಗಿದುಹೋದ ಸಭೆಯನ್ನು ಕ್ಯಾಮೆರಾ ಹಿಡಿಯಲಾರದು. ಕಾನೂನಿನ ಒಂದು ಷರತ್ತಿಗೆ ದನಿ ಇಲ್ಲ. ನಡೆಯಬೇಕಾಗಿದ್ದು ನಡೆಯಲಿಲ್ಲ ಅನ್ನುವ ಸುದ್ದಿಗೆ ನೋಟವೇ ಇರುವುದಿಲ್ಲ. ಇವೆಲ್ಲ ಬರಹಕ್ಕೆ ಸಲೀಸು.

ಓದುವವರಿಗೂ ಇದರಲ್ಲಿ ಹಿಡಿತ ಜಾಸ್ತಿ. ಬೇಕಾದ ಕಡೆ ನಿಲ್ಲಬಹುದು, ಅರ್ಥವಾಗದ್ದನ್ನು ಮತ್ತೆ ಓದಬಹುದು, ಬೇಡವಾದ್ದನ್ನು ದಾಟಬಹುದು. ಮುಖ್ಯವಾದದ್ದನ್ನು ಇಂಟ್ರೋದಲ್ಲೇ, ಅಂದರೆ ಮೊದಲ ಪ್ಯಾರಾದಲ್ಲೇ ಹೇಳಿ, ಉಳಿದದ್ದನ್ನು ಮಹತ್ವದ ಇಳಿಕೆಯಲ್ಲಿ ಇಡುವ ತಲೆಕೆಳಗಾದ ಪಿರಮಿಡ್ ಕ್ರಮ ಇಷ್ಟು ವರ್ಷ ಉಳಿದಿರುವುದು ಇದಕ್ಕೇ. ಓದುಗ ಎಲ್ಲಿ ಬಿಟ್ಟರೂ ಅಷ್ಟರಮಟ್ಟಿಗೆ ಸುದ್ದಿ ಪೂರ್ತಿ ತಲುಪಿರುತ್ತದೆ.

ಬರಹದಲ್ಲಿ ಕಳೆದುಹೋಗುವುದು ಮಾತಿನ ಧಾಟಿ. "ಆಯ್ತು ಬಿಡಿ" ಅಂತ ಒಬ್ಬರು ಹೇಳಿದ್ದನ್ನು ಬರೆದರೆ ಅದು ಒಪ್ಪಿಗೆಯೋ, ಬೇಸರವೋ, ಸಿಟ್ಟೋ ಓದುವವರಿಗೆ ಗೊತ್ತಾಗುವುದಿಲ್ಲ. ಹೊಸಬರು ಇದನ್ನು ತುಂಬಲು "ಭಾರವಾದ ದನಿಯಲ್ಲಿ ನುಡಿದರು" ಅಂತ ಬರೆಯುತ್ತಾರೆ. ಹಾಗೆ ಬರೆಯಬೇಕು ಅಂತ ಪದೇ ಪದೇ ಅನ್ನಿಸುತ್ತಿದ್ದರೆ, ಆ ಸುದ್ದಿ ದನಿಯನ್ನು ಕೇಳುತ್ತಿದೆ ಅಂತಲೇ ತಿಳಿಯಿರಿ.

ಕಲಿಕೆಯಲ್ಲಿ ಬರಹವನ್ನು ಯಾರೂ ಬಿಡುವ ಹಾಗಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರೇಡಿಯೊ ಸ್ಕ್ರಿಪ್ಟ್ ಬರಹ. ಫೋಟೊದ ಕ್ಯಾಪ್ಷನ್ ಬರಹ. ವಿಡಿಯೊದ ವಾಯ್ಸ್ ಓವರ್ (ಚಿತ್ರದ ಮೇಲೆ ಓದುವ ಮಾತು), ತಲೆಬರಹ, ಗ್ರಾಫಿನ ಮೇಲಿನ ಒಂದು ಸಾಲು, ಎಲ್ಲವೂ ಬರಹವೇ. 400 ಪದದಲ್ಲಿ ಒಂದು ಸುದ್ದಿಯನ್ನು ನೆಟ್ಟಗೆ ಹೇಳಲು ಬಾರದಿದ್ದರೆ ಎರಡು ನಿಮಿಷದ ವಿಡಿಯೊ ಕೂಡ ನೆಟ್ಟಗೆ ಬರುವುದಿಲ್ಲ.

ದನಿ: ಮನುಷ್ಯ ಮುಖ್ಯವಾದಾಗ

ಎಲ್ಲ ಮಾಧ್ಯಮಗಳಲ್ಲಿ ವಿದ್ಯಾರ್ಥಿಗಳು ಅತಿ ಕಡಿಮೆ ಆರಿಸುವುದು ಇದನ್ನು. ಅತಿ ಹೆಚ್ಚು ಕಲಿಸುವುದೂ ಇದೇ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕ್ಯಾಮೆರಾ ಎದುರು ಕೂತ ಮನುಷ್ಯ ಕೂದಲು ಸರಿಮಾಡಿಕೊಳ್ಳುತ್ತಾನೆ, ಬೆನ್ನು ನೆಟ್ಟಗೆ ಮಾಡುತ್ತಾನೆ, ಮಾತನ್ನೂ ನೆಟ್ಟಗೆ ಮಾಡಿಬಿಡುತ್ತಾನೆ. ಮೈಕ್ ಎದುರು ಹತ್ತು ನಿಮಿಷ ಕಳೆದರೆ ಅದು ಇರುವುದನ್ನೇ ಮರೆಯುತ್ತಾನೆ. ಆಗ ಬರುವ ಮಾತಿನಲ್ಲಿ ತಡವರಿಕೆ ಇರುತ್ತದೆ, ಉಸಿರು ಇರುತ್ತದೆ, ನಡುವೆ ಮೌನ ಇರುತ್ತದೆ. ಆ ಮೌನ ಬರಹದಲ್ಲಿ ಬರುವುದಿಲ್ಲ. ವಿಡಿಯೊದಲ್ಲಿ ನಾವೇ ಕತ್ತರಿಸಿಬಿಡುತ್ತೇವೆ.

ಸುತ್ತಲಿನ ಸದ್ದು ಕೂಡ ವರದಿಯೇ. 1940ರ ಆಗಸ್ಟ್ 24ರ ರಾತ್ರಿ ಅಮೆರಿಕದ ಸಿಬಿಎಸ್ ರೇಡಿಯೊದ ಎಡ್ವರ್ಡ್ ಆರ್. ಮರೋ ಯುದ್ಧಕಾಲದ ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ನೇರ ವರದಿ ಮಾಡುತ್ತಿದ್ದರು. ವಾಯುದಾಳಿಯ ಸೈರನ್ ಕೂಗುತ್ತಿತ್ತು. ಜನ ಆಶ್ರಯತಾಣದ ಕಡೆ ಹೋಗುತ್ತಿದ್ದರು. ಅವರು ಮೈಕನ್ನು ನೆಲದ ಹತ್ತಿರಕ್ಕೆ ಇಳಿಸಿ ಹೆಜ್ಜೆ ಸಪ್ಪಳ ಕೇಳಿಸಿದರು. ಓಡುವ ಹೆಜ್ಜೆಗಳಲ್ಲ, ಸಾವಧಾನವಾಗಿ ನಡೆಯುವ ಹೆಜ್ಜೆಗಳು. ಆ ಊರಿನ ಧೈರ್ಯದ ಬಗ್ಗೆ ಅಷ್ಟು ಸಾಕಾಗಿತ್ತು. ನಮ್ಮ ಗ್ರಂಥಾಲಯದಲ್ಲೂ ಅಂಥದ್ದೊಂದು ಸದ್ದು ಇದ್ದೇ ಇರುತ್ತದೆ. ಮರಳಿಸಿದ ಪುಸ್ತಕದ ಮೇಲೆ ಸೀಲು ಬೀಳುವ ಸದ್ದು, ಕಪಾಟಿನ ಬಾಗಿಲು ಕಿರುಗುಟ್ಟುವುದು. ಹುಡುಕಿಕೊಂಡು ಹೋಗಿ ಅದನ್ನು ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ.

ಕಿವಿಗೆ ಬರೆಯುವುದು ಬೇರೆಯದೇ ಕಸುಬು. ಕೇಳುವವರು ಹಿಂದಕ್ಕೆ ಹೋಗುವುದಿಲ್ಲ. ಕನ್ನಡದಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. "ಕಳೆದ ವಾರ ನಡೆದ ಸಭೆಯಲ್ಲಿ ತೀವ್ರ ವಿರೋಧದ ನಡುವೆಯೂ ಒಪ್ಪಿಗೆ ಪಡೆದ ಯೋಜನೆಯನ್ನು ಕೈಬಿಡುವುದಾಗಿ ಅಧ್ಯಕ್ಷರು ಹೇಳಿದ್ದಾರೆ" ಅನ್ನುವ ಸಾಲು ಕಾಗದದಲ್ಲಿ ನಡೆಯುತ್ತದೆ. ಕಿವಿಗೆ ಅದು ಹೊರೆ. "ಅಧ್ಯಕ್ಷರು ಯೋಜನೆ ಕೈಬಿಡುತ್ತಿದ್ದಾರೆ. ಕಳೆದ ವಾರವಷ್ಟೇ ಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ವಿರೋಧ ಜೋರಾಗಿಯೇ ಇತ್ತು." ಹೀಗೆ ಒಡೆಯಿರಿ. ಯಾರು ಹೇಳಿದರು ಅನ್ನುವುದು ಮೊದಲು ಬರಲಿ. 4,983 ಅಂತ ಓದಬೇಡಿ, "ಹತ್ತಿರ ಹತ್ತಿರ ಐದು ಸಾವಿರ" ಅನ್ನಿ.

ನಿಮಿಷಕ್ಕೆ ಎಷ್ಟು ಪದ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಇಂಗ್ಲಿಷ್ ವಾರ್ತೆ ಓದುವವರಿಗೆ ಸುಮಾರು 150 ಪದ ಅಂತ ಲೆಕ್ಕ ಹಿಡಿಯುತ್ತಾರೆ. ನಮ್ಮ ಪದಗಳಿಗೆ ವಿಭಕ್ತಿ, ಪ್ರತ್ಯಯ ಎಲ್ಲ ಅಂಟಿಕೊಂಡಿರುತ್ತವೆ, ಉದ್ದ ಜಾಸ್ತಿ. ಹಾಗಾಗಿ ಆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಸ್ಕ್ರಿಪ್ಟನ್ನು ನೀವೇ ಜೋರಾಗಿ ಓದಿ, ಗಡಿಯಾರ ನೋಡಿ. ಓದುವಾಗ ಎಲ್ಲಿ ಉಸಿರು ಸಾಲದೆ ಹೋಯಿತೋ ಆ ಸಾಲನ್ನು ಎರಡು ಮಾಡಿ.

ನನಗೆ ಆದ ಒಂದು ನಷ್ಟ ಹೇಳಬೇಕು. ಕಲಿಯುವ ದಿನಗಳಲ್ಲಿ ಒಬ್ಬ ಹಿರಿಯರನ್ನು ಒಂದು ಗಂಟೆ ಮಾತಾಡಿಸಿದ್ದೆ. ಫ್ಯಾನ್ ತಿರುಗುತ್ತಿತ್ತು. ಅವರಿಗೆ ಸೆಕೆ, ಫ್ಯಾನ್ ಆರಿಸಿ ಅನ್ನಲು ನನಗೆ ಸಂಕೋಚ. ಕೇಳುವಾಗ ಮಾತು ಸ್ಪಷ್ಟವಾಗಿಯೇ ಇತ್ತು. ಆದರೆ ಎಡಿಟ್ ಮಾಡಲು ಕೂತಾಗ ಒಂದೊಂದು ಕತ್ತರಿಗೂ ಫ್ಯಾನಿನ ಗುಂಯ್ ಅನ್ನುವ ಸದ್ದು ಹಾರಿ ಹಾರಿ ಬೀಳುತ್ತಿತ್ತು. ಆ ಕೋಣೆಯ ಬರೀ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ಹಿಡಿದಿದ್ದರೆ ಕತ್ತರಿಸಿದ ಜಾಗಕ್ಕೆ ಅದನ್ನು ಹಾಸಬಹುದಿತ್ತು. ಹಿಡಿದಿರಲಿಲ್ಲ. ಅವರನ್ನು ಎರಡನೇ ಸಲ ಮಾತಾಡಿಸುವ ಅವಕಾಶ ನನಗೆ ಸಿಗಲಿಲ್ಲ. ಅವತ್ತಿನಿಂದ ಯಾವ ಕೋಣೆಗೆ ಹೋದರೂ ಮೊದಲು ಕಿವಿಗೊಡುವುದು ಫ್ಯಾನು, ಫ್ರಿಜ್ಜಿನ ಸದ್ದಿಗೆ. ಹೊರಡುವಾಗ "ಒಂದು ನಿಮಿಷ ಎಲ್ಲರೂ ಸುಮ್ನೆ ಇರೋಣ" ಅಂತ ಕೇಳಿಕೊಂಡು ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ತಾಂತ್ರಿಕವಾಗಿ ಬೇಕಾಗುವುದು ಕಡಿಮೆ. ಮೈಕ್ ಬಾಯಿಯಿಂದ ಒಂದು ಗೇಣು ದೂರ. ಮಾತಿನ ಏರು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಮುಟ್ಟಿದರೆ ಸಾಕು, ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಅದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡೇ ರೆಕಾರ್ಡ್ ಮಾಡಿ. ಬರೀ ಗೋಡೆಯ ಕೋಣೆಗಿಂತ ಪುಸ್ತಕ, ಪರದೆ, ಹಾಸಿಗೆ ಇರುವ ಕೋಣೆ ಒಳ್ಳೆಯದು, ಗುಂಯ್‌ಗುಟ್ಟುವುದಿಲ್ಲ. 48 ಕಿಲೋಹರ್ಟ್ಸ್, 16 ಬಿಟ್, ಮೋನೊ (ಒಂದೇ ಚಾನೆಲ್) ವೇವ್ ಫೈಲ್, ಅಂದರೆ ದನಿಯನ್ನು ಕುಗ್ಗಿಸದೆ ಇಡುವ ಫೈಲ್, ನಿಮಿಷಕ್ಕೆ ಆರು ಎಂಬಿಗೂ ಕಡಿಮೆ. ಒಂದು ಗಂಟೆಯ ಸಂದರ್ಶನ 350 ಎಂಬಿ ಒಳಗೆ ಮುಗಿಯುತ್ತದೆ. ಎಡಿಟ್ ಮಾಡಲು ಅಡಾಸಿಟಿ ಅನ್ನುವ ಸಾಫ್ಟ್‌ವೇರ್ ಉಚಿತ, ಅದರಲ್ಲೇ ವರ್ಷಗಟ್ಟಲೆ ಕೆಲಸ ಮಾಡಬಹುದು.

ದನಿ ಸೋಲುವ ಕಡೆಗಳೂ ಇವೆ. ಹೆಸರು ತುಂಬಾ ಇರುವ ಸುದ್ದಿ, ಅಂಕಿ ತುಂಬಾ ಇರುವ ಸುದ್ದಿ, ನಕ್ಷೆ ಇಲ್ಲದೆ ಅರ್ಥವಾಗದ ಸುದ್ದಿ. ಮೂರನೇ ಪಾತ್ರ ಬರುವ ಹೊತ್ತಿಗೆ ಕೇಳುವವರಿಗೆ ಯಾರು ಯಾರೆಂದು ಗೊಂದಲ ಶುರುವಾಗುತ್ತದೆ.

ಫೋಟೊ: ಒಂದೇ ನೋಟ ಸಾಕಾದಾಗ

ಫೋಟೊಗೆ ಕಾರಣ ಹೇಳುವ ಶಕ್ತಿ ಇಲ್ಲ. ಇದು ನಡೆಯಿತು ಅಂತ ಹೇಳುವ ಶಕ್ತಿ ಇದೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿದಾಗ, ನೆರವಿಗೆ ಹೋದ ದೋಣಿಯಲ್ಲಿದ್ದ ಒಬ್ಬ ಪ್ರಯಾಣಿಕ ಫೋನಿನಲ್ಲಿ ತೆಗೆದ ಚಿತ್ರ ಟ್ವಿಟರ್ ಮೂಲಕ ಲೋಕಕ್ಕೆಲ್ಲ ತಲುಪಿತು. ರೆಕ್ಕೆಯ ಮೇಲೆ ನಿಂತ ಜನ ಅದರಲ್ಲಿ ಕಾಣುತ್ತಾರೆ. 155 ಮಂದಿಯೂ ಬದುಕಿದರು ಅನ್ನುವ ಸಂಗತಿ ಬರಹದಲ್ಲಿ ಬರಬೇಕಾಯಿತು. ನಂಬಿಕೆ ಬಂದದ್ದು ಆ ಚಿತ್ರದಿಂದ.

ಒಂದು ಜಾಗಕ್ಕೆ ಹೋದಾಗ ದೂರದಿಂದ, ನಡುವಿನಿಂದ, ತೀರಾ ಹತ್ತಿರದಿಂದ ಹೀಗೆ ಮೂರು ಅಳತೆಯಲ್ಲಿ ತೆಗೆಯಿರಿ. ಜನರನ್ನು ನಿಲ್ಲಿಸಿ "ಪುಸ್ತಕ ಹಿಡಿದುಕೊಳ್ಳಿ" ಅಂತ ಹೇಳಿದರೆ ಅದು ಸುದ್ದಿಚಿತ್ರ ಆಗುವುದಿಲ್ಲ, ಅದನ್ನು ಭಾವಚಿತ್ರ ಅಂತಲೇ ಹೇಳಿ ಹಾಕಬೇಕು. ಬಣ್ಣ, ಬೆಳಕು ತುಸು ಸರಿಮಾಡುವುದು ಬೇರೆ, ಇದ್ದದ್ದನ್ನು ತೆಗೆಯುವುದು, ಸರಿಸುವುದು ಬೇರೆ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದ ಉದ್ದಳತೆಗೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನು ಒಂದಕ್ಕೊಂದು ಹತ್ತಿರ ಸರಿಸಿತು. ಅಡ್ಡ ಚಿತ್ರವನ್ನು ಉದ್ದ ಮಾಡುವ ಒಂದು ಸಣ್ಣ ಅನುಕೂಲ, ಅಷ್ಟೇ. ನಲವತ್ತು ವರ್ಷ ಕಳೆದರೂ ಅದು ಪಾಠದ ಉದಾಹರಣೆಯಾಗಿ ಉಳಿದಿದೆ.

ಕ್ಯಾಪ್ಷನ್‌ಗೆ ಬೇಕಾದ ಹೆಸರನ್ನು ಅಲ್ಲೇ ಕೇಳಿ ಬರೆದುಕೊಳ್ಳಿ, ಎಡದಿಂದ ಬಲಕ್ಕೆ. ಮನೆಗೆ ಬಂದ ಮೇಲೆ ಯಾರು ಯಾರು ಅಂತ ನೆನಪಾಗುವುದಿಲ್ಲ.

ವಿಡಿಯೊ: ಏನಾದರೂ ನಡೆಯುತ್ತಿದ್ದಾಗ

ವಿಡಿಯೊಗೆ ಬೇಕಾಗಿರುವುದು ಕ್ರಿಯೆ. ಒಂದು ಕೆಲಸ ಶುರುವಾಗಬೇಕು, ನಡೆಯಬೇಕು, ಬದಲಾಗಬೇಕು. ಹೊರಡುವ ಮೊದಲು ಒಂದು ಕಾಗದದ ಮೇಲೆ ಕ್ರಿಯಾಪದಗಳನ್ನು ಮಾತ್ರ ಬರೆಯಿರಿ: ತುಂಬುತ್ತಾರೆ, ಹೊರುತ್ತಾರೆ, ಬೀಗ ಹಾಕುತ್ತಾರೆ. ಐದು ಕ್ರಿಯಾಪದ ಸಿಕ್ಕಿದರೆ ವಿಡಿಯೊ ಮಾಡಿ. "ಹೇಳುತ್ತಾರೆ, ವಿವರಿಸುತ್ತಾರೆ, ಒತ್ತಾಯಿಸುತ್ತಾರೆ" ಇಷ್ಟೇ ಸಿಕ್ಕಿದರೆ ದನಿಗೋ ಬರಹಕ್ಕೋ ಹೋಗಿ.

ಚಿತ್ರೀಕರಣಕ್ಕೆ ಹೊಸಬರಿಗೆ ಒಂದು ಹಳೆಯ ಕ್ರಮ ತುಂಬಾ ನೆರವಾಗುತ್ತದೆ. ಒಂದು ಕೆಲಸವನ್ನು ಐದು ಶಾಟ್‌ಗಳಲ್ಲಿ ಹಿಡಿಯುವುದು. ಕೈಗಳು ಹತ್ತಿರದಿಂದ. ಮುಖ ಹತ್ತಿರದಿಂದ. ಇಡೀ ಜಾಗ ದೂರದಿಂದ. ಕೆಲಸ ಮಾಡುವವರ ಭುಜದ ಹಿಂದಿನಿಂದ. ಕೊನೆಗೆ ನೀವೇ ಹುಡುಕಿದ ಒಂದು ಬೇರೆ ಕೋನ. ಒಂದೊಂದನ್ನೂ ಹತ್ತು ಸೆಕೆಂಡ್ ಅಲುಗಾಡದೆ ಹಿಡಿಯಿರಿ. ಕ್ಯಾಮೆರಾವನ್ನು ಅತ್ತ ಇತ್ತ ತಿರುಗಿಸುತ್ತಾ ಜೂಮ್ ಮಾಡುತ್ತಾ ತೆಗೆದ ಐದು ನಿಮಿಷದಲ್ಲಿ ಬಳಸಲು ಹತ್ತು ಸೆಕೆಂಡ್ ಸಿಗುವುದಿಲ್ಲ. ಈ ಐದು ಶಾಟ್ ಐವತ್ತು ಸೆಕೆಂಡ್, ಅಷ್ಟೂ ಕೆಲಸಕ್ಕೆ ಬರುತ್ತದೆ.

ಅಡ್ಡವೋ ಉದ್ದವೋ ಅನ್ನುವುದನ್ನು ಮೊದಲೇ ನಿರ್ಧರಿಸಿ. ಆಮೇಲೆ ಕತ್ತರಿಸಿಕೊಳ್ಳೋಣ ಅನ್ನಬೇಡಿ. 1920 ಅಗಲ, 1080 ಎತ್ತರದ ಅಡ್ಡ ವಿಡಿಯೊದಿಂದ ಫೋನಿಗೆ ಸರಿಹೊಂದುವ 9:16 ಅಳತೆಯ ಉದ್ದ ತುಂಡು ತೆಗೆದರೆ ಉಳಿಯುವ ಅಗಲ ಸುಮಾರು 608 ಪಿಕ್ಸೆಲ್. ಮೂರರಲ್ಲಿ ಎರಡು ಪಾಲು ಚಿತ್ರ ಹೋಯಿತು. ಇಬ್ಬರು ಎದುರುಬದುರು ಕೂತಿದ್ದರೆ ಒಬ್ಬರು ಚೌಕಟ್ಟಿನಿಂದಲೇ ಹೋದರು. ಒಬ್ಬ ಮನುಷ್ಯ, ಒಂದು ಕೆಲಸ ಇದ್ದರೆ ಉದ್ದ ಚೆನ್ನ. ಜಾಗ, ಗುಂಪು, ದೂರ ತೋರಿಸಬೇಕಿದ್ದರೆ ಅಡ್ಡ.

ಕೃತಕ ಬೆಳಕಿನ ಕೆಳಗೆ ಚಿತ್ರ ಮಿಣಮಿಣ ಅನ್ನುತ್ತಿದ್ದರೆ ಗಾಬರಿ ಬೇಡ. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಸೆಕೆಂಡಿಗೆ 25 ಫ್ರೇಮ್ ಇಟ್ಟು, ಷಟರ್ ವೇಗವನ್ನು (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50ಕ್ಕೆ ತಂದರೆ ಸಾಮಾನ್ಯವಾಗಿ ನಿಲ್ಲುತ್ತದೆ. 60 ಹರ್ಟ್ಸ್ ಇರುವ ಕಡೆ 30 ಫ್ರೇಮ್, 1/60.

ವಿಡಿಯೊ ವರದಿ ಕೆಡುವುದು ಹೆಚ್ಚಾಗಿ ದನಿಯಿಂದಲೇ. ಚಿತ್ರ ತುಸು ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾರೆ. ಹಾಗಾಗಿ ಏನಾದರೂ ಖರೀದಿಸುವುದಿದ್ದರೆ ಮೊದಲು ಕಾಲರ್ ಮೈಕ್, ಆಮೇಲೆ ಟ್ರೈಪಾಡ್. ಹೊಸ ಕ್ಯಾಮೆರಾ ತೀರಾ ಕೊನೆಗೆ. ಹಾಗೆಯೇ ಫೋನಿನಲ್ಲಿ ಸದ್ದು ಬಂದ್ ಮಾಡಿಕೊಂಡು ನೋಡುವವರೂ ಬಹಳ ಜನ. ಕಿವಿ ಕೇಳಿಸದವರೂ ನೋಡುತ್ತಾರೆ. ಸಬ್‌ಟೈಟಲ್ ಹಾಕಲೇಬೇಕು, ಒಂದು ಸಲಕ್ಕೆ ಎರಡು ಸಾಲು ಮೀರದ ಹಾಗೆ.

ಸ್ಕ್ರಿಪ್ಟ್ ಬರೆಯುವಾಗ ಕಾಣುತ್ತಿರುವುದನ್ನೇ ಹೇಳಬೇಡಿ. ಪೆಟ್ಟಿಗೆ ಹೊರುವುದು ಪರದೆಯ ಮೇಲೆ ಇದೆ. "ಪೆಟ್ಟಿಗೆಗಳನ್ನು ಸಾಗಿಸಲಾಗುತ್ತಿದೆ" ಅಂದರೆ ಸೆಕೆಂಡುಗಳು ವ್ಯರ್ಥ. ಪೆಟ್ಟಿಗೆಯಲ್ಲಿ ಏನಿದೆ, ಎಲ್ಲಿಗೆ ಹೋಗುತ್ತಿದೆ ಅಂತ ಹೇಳಿ.

ಸಮಯದ ಲೆಕ್ಕದಲ್ಲಿ ವಿಡಿಯೊ ಅತಿ ದುಬಾರಿ. ಎರಡು ನಿಮಿಷದ ವರದಿಗೆ ತೆಗೆದ ಫೂಟೇಜ್ ನೋಡುವುದು, ಬೈಟ್ (ಮಾತಿನ ತುಣುಕು) ಆರಿಸುವುದು, ಜೋಡಿಸುವುದು, ಸಬ್‌ಟೈಟಲ್, ಹೀಗೆ ಒಂದಿಡೀ ದಿನ ಹಿಡಿದರೆ ಆಶ್ಚರ್ಯವಿಲ್ಲ. ತಪ್ಪು ತಿದ್ದುವುದೂ ಕಷ್ಟ. ಬರಹದಲ್ಲಿ ಹುದ್ದೆ ತಪ್ಪಾಗಿದ್ದರೆ ಒಂದು ಪದ ಬದಲಿಸಿ, ತಿದ್ದಿದ್ದೇವೆ ಅಂತ ಟಿಪ್ಪಣಿ ಹಾಕಬಹುದು. ವಿಡಿಯೊದಲ್ಲಿ ವಾಯ್ಸ್ ಓವರ್ ಮತ್ತೆ ಓದಬೇಕು, ಮತ್ತೆ ರೆಂಡರ್ ಮಾಡಬೇಕು (ಪೂರ್ತಿ ಫೈಲ್ ಹೊಸದಾಗಿ ತಯಾರಿಸಬೇಕು), ಮತ್ತೆ ಹಾಕಬೇಕು.

ಅಂಕಿ ಮತ್ತು ನಕ್ಷೆ

ಒಬ್ಬರ ಕತೆಯಲ್ಲಿ ಕಾಣದ್ದು ಸಾವಿರ ಜನರ ಲೆಕ್ಕದಲ್ಲಿ ಕಾಣುತ್ತದೆ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ಬೀದಿಯ ನಕ್ಷೆಯ ಮೇಲೆ ಗುರುತಿಸಿದಾಗ ಅವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಸೇರಿಕೊಂಡವು. ಅವರು ಪತ್ರಕರ್ತರಲ್ಲ, ಆದರೆ ನಕ್ಷೆಯ ವರದಿ ಅಂದರೆ ಇದೇ. 1967ರ ಡೆಟ್ರಾಯಿಟ್ ಗಲಭೆಯ ನಂತರ ಓದು ಇಲ್ಲದವರೇ ಗಲಭೆಗೆ ಇಳಿದರು ಅಂತ ಎಲ್ಲರೂ ಹೇಳುತ್ತಿದ್ದರು. ವರದಿಗಾರ ಫಿಲಿಪ್ ಮೇಯರ್ ಸಮೀಕ್ಷೆ ಮಾಡಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ, ಕಾಲೇಜು ಮೆಟ್ಟಿಲು ಹತ್ತಿದವರೂ ಅಷ್ಟೇ ಪ್ರಮಾಣದಲ್ಲಿ ಇದ್ದದ್ದು ಕಂಡಿತು.

ಅಂಕಿಯ ಸುದ್ದಿಗೆ ಸಂದರ್ಶನಕ್ಕಿಂತ ಜಾಸ್ತಿ ತಾಳ್ಮೆ ಬೇಕು. ಒಟ್ಟು ಸಂಖ್ಯೆ ಕೊಟ್ಟು ನಿಲ್ಲಿಸಬೇಡಿ. ದೊಡ್ಡ ಊರಿನಲ್ಲಿ ಎಲ್ಲವೂ ಜಾಸ್ತಿಯೇ ಇರುತ್ತದೆ. ಸಾವಿರ ಜನಕ್ಕೆ ಎಷ್ಟು ಅಂತ ಲೆಕ್ಕ ಮಾಡಿ. ಒಂದು ಗ್ರಾಫಿಗೆ ಒಂದೇ ಮಾತು ಇರಲಿ, ಆ ಮಾತನ್ನೇ ಅದರ ತಲೆಬರಹ ಮಾಡಿ. ಕಂಬದ ಗ್ರಾಫು ಸೊನ್ನೆಯಿಂದ ಶುರುವಾಗದಿದ್ದರೆ ಸಣ್ಣ ವ್ಯತ್ಯಾಸವೂ ಬೆಟ್ಟದಂತೆ ಕಾಣುತ್ತದೆ. ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಅರ್ಧ ಕೆಲಸ ಬಂದಂತೆ. ಡೇಟಾರ‍್ಯಾಪರ್, ಫ್ಲರಿಷ್ ಥರದ ಸಾಧನಗಳು ಗ್ರಾಫು, ನಕ್ಷೆಗಳನ್ನು ಮಾಡಿಕೊಡುತ್ತವೆ.

ನೇರ ಪ್ರಸಾರದ ಬಗ್ಗೆ ಒಂದೇ ಮಾತು. ಕಲಿಯುವವರು ಮೊದಲ ಆಯ್ಕೆಯಾಗಿ ಅದನ್ನು ಇಟ್ಟುಕೊಳ್ಳಬೇಡಿ. ಪರಿಶೀಲಿಸಲು ಸಮಯವೇ ಇಲ್ಲದ ಮಾಧ್ಯಮ ಅದು. ಪರಿಶೀಲಿಸುವುದು ಅಭ್ಯಾಸವಾದ ಮೇಲೆ ಅದಕ್ಕೆ ಇಳಿಯಿರಿ.

ಮಾತಾಡಿದವರಿಗೆ ಏನಾಗುತ್ತದೆ?

ಹೋಲಿಕೆ ಮಾಡುವಾಗ ಎಲ್ಲರೂ ಸಲಕರಣೆ, ಸಮಯ, ಓದುಗರ ಸಂಖ್ಯೆ ನೋಡುತ್ತಾರೆ. ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ನಿಮ್ಮ ಜೊತೆ ಮಾತಾಡಿದವರ ಸುರಕ್ಷತೆ. ಕೆಲಸ ಕಳೆದುಕೊಳ್ಳುವ ಭಯ ಇರುವವರು, ಕಿರುಕುಳ ಅನುಭವಿಸಿದವರು, ಮಕ್ಕಳು. ಇವರ ವಿಷಯದಲ್ಲಿ ಮಾಧ್ಯಮಗಳು ಸಮ ಅಲ್ಲ.

ಬರಹದಲ್ಲಿ ಹೆಸರು, ಊರು, ಹುದ್ದೆ ಬಿಟ್ಟರೆ ಗುರುತು ಬಹುಮಟ್ಟಿಗೆ ಮರೆಯಾಗುತ್ತದೆ. ದನಿಯಲ್ಲಿ ಹಾಗಲ್ಲ. ಗೊತ್ತಿರುವವರು ಎರಡು ಪದ ಕೇಳಿದರೆ ಸಾಕು, ಯಾರೆಂದು ಹೇಳುತ್ತಾರೆ. ದನಿಯ ಸ್ಥಾಯಿ ಬದಲಿಸಿದರೂ ಅದನ್ನು ಮತ್ತೆ ಮೊದಲಿನಂತೆ ಮಾಡಿಬಿಡಬಹುದು. ಆ ಮಾತನ್ನು ಬೇರೊಬ್ಬರಿಂದ ಓದಿಸಿ, ಹಾಗೆ ಮಾಡಿದ್ದೇವೆ ಅಂತ ಕೇಳುಗರಿಗೆ ಹೇಳುವುದು ವಾಸಿ. ವಿಡಿಯೊದಲ್ಲಿ ಮುಖ ಮಸುಕು ಮಾಡಿದರೂ ಉಂಗುರ, ಕಿಟಕಿಯ ಹೊರಗಿನ ಕಟ್ಟಡ, ನಡಿಗೆ ಎಲ್ಲವೂ ಗುರುತು ಹೇಳುತ್ತವೆ.

ಫೋಟೊದೊಳಗೆ ಕಣ್ಣಿಗೆ ಕಾಣದ ಮಾಹಿತಿಯೂ ಇರುತ್ತದೆ. 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮೆಕಾಫಿ ಜೊತೆಗಿನ ಒಂದು ಫೋಟೊವನ್ನು ವೈಸ್ ಪತ್ರಿಕೆ ಪ್ರಕಟಿಸಿತು. ಆ ಫೈಲಿನೊಳಗೆ ಜಿಪಿಎಸ್ ಮಾಹಿತಿ ಹಾಗೇ ಉಳಿದಿತ್ತು. ಅವರು ಗ್ವಾಟೆಮಾಲಾದಲ್ಲಿ ಇರುವುದು ಅದರಿಂದ ಬಯಲಾಯಿತು. ಸೂಕ್ಷ್ಮ ಕೆಲಸಕ್ಕೆ ಹೊರಡುವ ಮೊದಲು ಫೋನಿನ ಕ್ಯಾಮೆರಾಕ್ಕೆ ಸ್ಥಳದ ಅನುಮತಿ ತೆಗೆದುಬಿಡಿ.

ಅನುಮಾನ ಇದ್ದರೆ ಬರಹ ಆರಿಸಿ. ಚೆಂದದ ವಿಡಿಯೊ ಕೈತಪ್ಪಬಹುದು, ತಪ್ಪಲಿ.

ಜೋಡಿ ಮಾಡುವುದಾದರೆ

ಒಂದೇ ಸುದ್ದಿಯನ್ನು ನಾಲ್ಕು ಮಾಧ್ಯಮದಲ್ಲಿ ಮತ್ತೆ ಮತ್ತೆ ಹೇಳಿದರೆ ಅದು ಬಹುಮಾಧ್ಯಮ ವರದಿ ಆಗುವುದಿಲ್ಲ. ಬರಹದಲ್ಲಿ ಇರುವ ಮಾತನ್ನೇ ವಿಡಿಯೊದಲ್ಲಿ ಆ ವ್ಯಕ್ತಿ ಮತ್ತೆ ಹೇಳುತ್ತಿದ್ದರೆ, ಎರಡರಲ್ಲಿ ಒಂದು ಬೇಡ. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಹಿಮಕುಸಿತದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಬರಹದ ನಡುವೆಯೇ ಪರ್ವತದ ಚಲಿಸುವ ನಕ್ಷೆ, ವಿಡಿಯೊ, ಬದುಕುಳಿದವರ ಮಾತು ಬರುತ್ತಿದ್ದವು. ಅದರ ಬರಹಗಾರ ಜಾನ್ ಬ್ರಾಂಚ್ ಅವರಿಗೆ 2013ರ ಪುಲಿಟ್ಜರ್ ಪ್ರಶಸ್ತಿ ಬಂತು. ಅಲ್ಲಿ ನಕ್ಷೆಯ ಕೆಲಸವನ್ನು ಬರಹ ಮಾಡುವುದಿಲ್ಲ, ಬರಹದ ಕೆಲಸಕ್ಕೆ ವಿಡಿಯೊ ಕೈಹಾಕುವುದಿಲ್ಲ. ಅದರ ಹಿಂದೆ ದೊಡ್ಡ ತಂಡ ಇತ್ತು, ತಿಂಗಳುಗಟ್ಟಲೆ ಸಮಯ ಇತ್ತು. ಒಬ್ಬರೇ ಕಲಿಯುತ್ತಿರುವಾಗ ಎರಡಕ್ಕಿಂತ ಹೆಚ್ಚು ಮಾಧ್ಯಮ ಬೇಡ: ಒಂದು ಮುಖ್ಯ, ಒಂದು ನೆರವಿಗೆ. ಬರಹದ ಜೊತೆ ಒಂದು ನಿಮಿಷದ ದನಿ. ದನಿಯ ಜೊತೆ ಮೂರು ಫೋಟೊ. ವಿಡಿಯೊದ ಜೊತೆ ಒಂದು ಗ್ರಾಫು.

ನಾಳೆಯೇ ಕೊಡಬೇಕು ಅಂದರೆ ನಾನು ಬರಹ ಮತ್ತು ಒಂದು ಫೋಟೊ ಆರಿಸುತ್ತೇನೆ. ಮೂರು ದಿನ ಇದ್ದರೆ ನಾಲ್ಕು ನಿಮಿಷದ ದನಿ. ವಿಡಿಯೊಗೆ ಒಂದು ವಾರವಾದರೂ ಇರಲಿ, ಅದರಲ್ಲಿ ಎರಡು ಸಲ ಆ ಜಾಗಕ್ಕೆ ಹೋಗುವ ಹಾಗಿರಲಿ. ಕಲಿಯುವ ಕ್ರಮದಲ್ಲೂ ಹಾಗೇ: ಬರಹ, ಆಮೇಲೆ ದನಿ, ಆಮೇಲೆ ಫೋಟೊ, ಇವು ಕೈಗೆ ಬಂದ ಮೇಲೆ ವಿಡಿಯೊ. ಅಂಕಿಯನ್ನು ಮೊದಲ ದಿನದಿಂದಲೇ ಪಕ್ಕದಲ್ಲಿ ಇಟ್ಟುಕೊಂಡಿರಿ.

ಇಷ್ಟೆಲ್ಲ ಯೋಚಿಸಿ ಹೊರಟರೂ ಜಾಗಕ್ಕೆ ಹೋದ ಮೇಲೆ ಲೆಕ್ಕ ತಪ್ಪುತ್ತದೆ. ವಿಡಿಯೊ ಅಂತ ಹೋಗಿರುತ್ತೀರಿ. ಪೆಟ್ಟಿಗೆ ಹೊರುವ ಕೆಲಸ ನಿನ್ನೆಯೇ ಮುಗಿದಿರುತ್ತದೆ. ಗ್ರಂಥಪಾಲಕಿ "ಕ್ಯಾಮೆರಾ ಬೇಡಮ್ಮಾ, ಹಾಗೇ ಮಾತಾಡೋಣ" ಅನ್ನುತ್ತಾರೆ. ಆಗ ಒತ್ತಾಯ ಮಾಡಬೇಡಿ. ಕ್ಯಾಮೆರಾವನ್ನು ಅವರ ಕಣ್ಣೆದುರೇ ಚೀಲದೊಳಗೆ ಇಡಿ. ದನಿ ರೆಕಾರ್ಡ್ ಮಾಡಲೇ ಅಂತ ಕೇಳಿ, ಒಪ್ಪಿದರೆ ಮೈಕ್ ಹಾಕಿ, ಫ್ಯಾನ್ ಆರಿಸಿ. ಖಾಲಿ ಕಪಾಟಿನ ಮೂರು ಫೋಟೊ ತೆಗೆಯಲು ಅನುಮತಿ ಪಡೆಯಿರಿ. ಹೊರಗೆ ಬಂದ ಕೂಡಲೇ ನಿಮ್ಮ ಮೇಷ್ಟರಿಗೋ ಸುದ್ದಿಮನೆಯ ಡೆಸ್ಕಿಗೋ ಒಂದು ಸಂದೇಶ ಕಳಿಸಿ: ವಿಡಿಯೊ ಬರುವುದಿಲ್ಲ, ದನಿ ಬರುತ್ತದೆ, ನಾಲ್ಕು ನಿಮಿಷ, ಜೊತೆಗೆ ಮೂರು ಫೋಟೊ.